‘ಆಯ್ತು ಸಾರ್’ ಎಂದಾಗ ಏನು ಆಗಿತ್ತು: ಒಂದು ಜಪಾನಿ ಕಾರ್ಖಾನೆಯ ಸಂಸ್ಕೃತಿ ತರಬೇತಿ, ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಬೆಂಗಳೂರಿನಿಂದ ಎರಡು ಗಂಟೆಯೊಳಗೆ ತಲುಪಬಹುದಾದ ಒಂದು ಕೈಗಾರಿಕಾ ಪ್ರದೇಶದಲ್ಲಿ, ಜಪಾನಿನ ಮಾತೃಸಂಸ್ಥೆಯೊಂದರ ಒಡೆತನದಲ್ಲಿ ನಡೆಯುವ ವಾಹನ ಬಿಡಿಭಾಗಗಳ ಕಾರ್ಖಾನೆಯ ಪ್ರಕರಣ ಇದು. ಕಂಪನಿಯ ಹೆಸರು, ಊರು, ಅದರ ಗ್ರಾಹಕರು, ನಡೆದ ವರ್ಷ ಇವೆಲ್ಲವನ್ನೂ ಬಿಟ್ಟಿದ್ದೇನೆ. ವ್ಯಕ್ತಿಗಳನ್ನು ಅವರ ಹುದ್ದೆಯಿಂದಷ್ಟೇ ಗುರುತಿಸಿದ್ದೇನೆ. ಉತ್ಪಾದನೆಯ ಮತ್ತು ದೋಷದ ಲೆಕ್ಕಗಳನ್ನು ಕೊಟ್ಟರೆ ಈ ಉದ್ಯಮದಲ್ಲಿ ಇರುವವರಿಗೆ ಕಂಪನಿ ಯಾವುದೆಂದು ಕೂಡಲೇ ತಿಳಿದುಬಿಡುತ್ತದೆ, ಹಾಗಾಗಿ ಅವೂ ಇಲ್ಲಿಲ್ಲ. ನಾನು ಹೊರಗಿನಿಂದ ಬಂದ ತರಬೇತುದಾರ. ಮೊದಲು ನಡೆದು ಸೋತ ತರಬೇತಿಯನ್ನು ರೂಪಿಸಿದವನೂ ನಾನೇ ಆದ್ದರಿಂದ ಆ ಭಾಗವನ್ನು ಮುಚ್ಚಿಡದೆ ಬರೆಯುವುದು ನನ್ನ ಹೊಣೆ ಎಂದುಕೊಂಡಿದ್ದೇನೆ.

1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಬಿಡದಿಯಲ್ಲಿ ನೆಲೆಯೂರಿದ ಮೇಲೆ ಜಪಾನಿನ ಬಿಡಿಭಾಗ ತಯಾರಕರು ಒಬ್ಬೊಬ್ಬರಾಗಿ ಈ ಕಡೆ ಬಂದರು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾದ ದ್ವಿಚಕ್ರ ವಾಹನ ಕಾರ್ಖಾನೆ ಶುರುವಾಯಿತು. ತುಮಕೂರು ಬಳಿಯ ವಸಂತನರಸಾಪುರದಲ್ಲಿ ಜಪಾನಿ ಕಂಪನಿಗಳಿಗೆಂದೇ ಜಾಗ ಮೀಸಲಾಯಿತು. ಪ್ರಕರಣದ ಕಂಪನಿ ಮೇಲೆ ಹೆಸರಿಸಿದ ಎರಡರಲ್ಲಿ ಯಾವುದೂ ಅಲ್ಲ. ಅಲ್ಯೂಮಿನಿಯಂ ಎರಕದ ಒಂದು ಭಾಗವನ್ನು ಕೊರೆದು, ತೊಳೆದು, ಸೋರಿಕೆ ಪರೀಕ್ಷೆ ಮಾಡಿ ಕಳಿಸುವುದು ಅದರ ಮುಖ್ಯ ಕೆಲಸ.

ಕಾರ್ಖಾನೆಯಲ್ಲಿ ಮೇಲಿನಿಂದ ಕೆಳಗೆ ನಾಲ್ಕು ಪದರಗಳಿದ್ದವು. ಜಪಾನಿನಿಂದ ಮೂರರಿಂದ ಐದು ವರ್ಷದ ಅವಧಿಗೆ ಬರುವ ಬೆರಳೆಣಿಕೆಯ ಅಧಿಕಾರಿಗಳು ಮತ್ತು ತಾಂತ್ರಿಕ ಸಲಹೆಗಾರರು ಮೇಲಿನವರು. ಅವರ ಕೆಳಗೆ ಬೆಂಗಳೂರು, ಚೆನ್ನೈ, ಪುಣೆಗಳ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ ಮಾಡಿ ಬಂದ ವಿಭಾಗದ ಮ್ಯಾನೇಜರ್‌ಗಳು. ಅವರ ಕೆಳಗೆ ಹೆಚ್ಚಾಗಿ ಹಳೆ ಮೈಸೂರು ಭಾಗದ, ಡಿಪ್ಲೊಮಾ ಓದಿದ ಲೈನ್ ಲೀಡರ್‌ಗಳು. ಯಂತ್ರದ ಮುಂದೆ ನಿಲ್ಲುವ ಆಪರೇಟರ್‌ಗಳು ರಾಯಚೂರು, ಕಲಬುರಗಿ, ಕೊಪ್ಪಳ, ವಿಜಯಪುರ ಕಡೆಯ ಐಟಿಐ ಹುಡುಗರು. ಅವರಲ್ಲಿ ಬಹುಪಾಲು ಗುತ್ತಿಗೆದಾರರ ಮೂಲಕ ಬಂದವರು, ನಾಲ್ಕೈದು ಜನ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಪಾಳಿಯ ಪ್ರಕಾರ ಒಂದೇ ಚಾಪೆಯಲ್ಲಿ ಸರದಿ ಮಲಗುವವರು. ನಾನು ಪರದೆಯ ಮೇಲೆ ‘ಭಾರತೀಯ ಸಂಸ್ಕೃತಿ’ ಎಂದು ಬರೆದಾಗ ಈ ಮೂರೂ ಬಗೆಯ ಜನರನ್ನು ಒಂದೇ ಪದದೊಳಗೆ ತುಂಬಿದ್ದೆ.

ಮೊದಲ ತರಬೇತಿ

ಉತ್ಪಾದನೆ ಆರಂಭವಾದ ವರ್ಷವೇ ಕಂಪನಿ ತರಬೇತಿಗೆ ಹಣ ತೆಗೆದಿಟ್ಟಿತ್ತು. ಜಪಾನಿನಿಂದ ಹೊರಡುವವರಿಗೆ ಅಲ್ಲಿಯದೇ ಒಂದು ಸಂಸ್ಥೆ ಅರ್ಧ ದಿನದ ಪಾಠ ಮಾಡಿತು. ಇಲ್ಲಿಯವರಿಗೆ ನಾನು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಎರಡು ದಿನದ ಕಾರ್ಯಾಗಾರ ನಡೆಸಿದೆ. ಅದು ಇಂಗ್ಲಿಷಿನಲ್ಲಿತ್ತು, ಮ್ಯಾನೇಜರ್ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರವಿತ್ತು. ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡುವುದು, ಎಷ್ಟು ಬಾಗಿ ವಂದಿಸುವುದು, ಸಭೆಗೆ ಐದು ನಿಮಿಷ ಮೊದಲೇ ಕೂರುವುದು ಇವುಗಳಿಂದ ಶುರುಮಾಡಿ, ದೇಶದೇಶಗಳ ಸಂಸ್ಕೃತಿಗೆ ಅಂಕ ಕೊಡುವ ಗೀರ್ಟ್ ಹಾಫ್‌ಸ್ಟೀಡ್ ಅವರ ಅಂಕಪಟ್ಟಿಗೆ ಬಂದು ಮುಗಿಸಿದ್ದೆ.

ಆ ಅಂಕಪಟ್ಟಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ನನ್ನ ವೃತ್ತಿಯ ಬಹಳಷ್ಟು ಜನ ಇಂದಿಗೂ ಅದರ ಮೇಲೆಯೇ ನಿಂತಿದ್ದಾರೆ. ದೇಶದೇಶಗಳ ನಡುವಿನ ನಡವಳಿಕೆಯನ್ನು ಪಾಠವಾಗಿ ಕಲಿಸುವ ಪದ್ಧತಿ 1950ರ ದಶಕದಲ್ಲಿ ಅಮೆರಿಕದ ರಾಜತಾಂತ್ರಿಕರಿಗಾಗಿ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಕೆಲಸದಿಂದ ಬೆಳೆಯಿತು. ಡಚ್ ವಿದ್ವಾಂಸ ಹಾಫ್‌ಸ್ಟೀಡ್ ಅದಕ್ಕೆ ಅಂಕಿಗಳನ್ನು ಒದಗಿಸಿದರು. 1967ರಿಂದ 1973ರವರೆಗೆ ಐಬಿಎಂ ಕಂಪನಿಯ ನೌಕರರಿಂದ ಸಂಗ್ರಹವಾದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳನ್ನು ಆಧರಿಸಿ ಅವರು 1980ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಅಧಿಕಾರದ ಅಂತರವನ್ನು ಜನ ಎಷ್ಟು ಸಹಜವೆಂದು ಒಪ್ಪುತ್ತಾರೆ ಎಂಬುದರಲ್ಲಿ ಭಾರತಕ್ಕೆ 77, ಜಪಾನಿಗೆ 54. ಅನಿಶ್ಚಿತತೆಯನ್ನು ದೂರವಿಡುವ ಒಲವಿನಲ್ಲಿ ಜಪಾನಿಗೆ 92, ಭಾರತಕ್ಕೆ 40. ಇವು ದೇಶಗಳ ಸರಾಸರಿಯೇ ಹೊರತು ಒಬ್ಬೊಬ್ಬ ವ್ಯಕ್ತಿಯನ್ನು ಅಳೆಯುವ ಕೋಲಲ್ಲ ಎಂದು ಹಾಫ್‌ಸ್ಟೀಡ್ ಅವರೇ ಎಚ್ಚರಿಸಿದ್ದರು. ಒಂದೇ ಕಂಪನಿಯ, ಅದೂ 1978ರಲ್ಲಿ ಭಾರತವನ್ನೇ ಬಿಟ್ಟು ಹೋದ ಕಂಪನಿಯ ನೌಕರರು ಅಂದು ತುಂಬಿಕೊಟ್ಟ ಉತ್ತರಗಳಿಂದ ಕೊಪ್ಪಳದ ಐಟಿಐ ಹುಡುಗನನ್ನು ಅರ್ಥಮಾಡಿಕೊಳ್ಳಲು ಹೊರಟಿದ್ದೇನೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಆ ಅಂಕಗಳನ್ನು ತೋರಿಸುವ ಕಂಬದ ಚಿತ್ರಗಳು (ಬಾರ್ ಚಾರ್ಟ್) ಪರದೆಯ ಮೇಲೆ ಅಂದವಾಗಿ ಕಂಡವು. ಅಭಿಪ್ರಾಯ ಪತ್ರಗಳಲ್ಲಿ ಬಹುತೇಕ ಎಲ್ಲರೂ ‘ಅತ್ಯುತ್ತಮ’ ಎಂದು ಗುರುತು ಹಾಕಿದರು.

ತರಬೇತಿ ಪರಿಣಾಮ ಬೀರಲಿಲ್ಲ ಎನ್ನುವಂತಿರಲಿಲ್ಲ; ಬೀರಿದ್ದು ಕೆಟ್ಟ ಪರಿಣಾಮ. ಹೊಸದಾಗಿ ಬಂದ ತಾಂತ್ರಿಕ ಸಲಹೆಗಾರರು ತಮ್ಮ ದೇಶದಲ್ಲಿದ್ದಾಗ ದಿನವೂ ಯಂತ್ರದ ಬಳಿ ನಿಂತು ಆಪರೇಟರ್‌ಗಳೊಂದಿಗೆ ನೇರವಾಗಿ ಮಾತಾಡುತ್ತಿದ್ದವರು. ‘ಭಾರತದಲ್ಲಿ ಶ್ರೇಣಿಯನ್ನು ಮೀರಬಾರದು’ ಎಂಬ ಪಾಠ ಕೇಳಿ ಬಂದ ಅವರು ಇಲ್ಲಿ ಆ ಅಭ್ಯಾಸವನ್ನು ಬಿಟ್ಟು ಮ್ಯಾನೇಜರ್ ಮೂಲಕವೇ ಎಲ್ಲವನ್ನೂ ಕೇಳತೊಡಗಿದರು. ಇತ್ತ ‘ಜಪಾನಿಗರು ಅಸಮಾಧಾನವನ್ನು ಬಾಯಿಬಿಟ್ಟು ಹೇಳುವುದಿಲ್ಲ’ ಎಂದು ನನ್ನಿಂದ ಕಲಿತ ಮ್ಯಾನೇಜರ್, ಸಲಹೆಗಾರರು ಮೌನವಾಗಿ ಯೋಚಿಸುತ್ತಿದ್ದಾಗಲೆಲ್ಲ ಅವರಿಗೆ ಕೋಪ ಬಂದಿದೆ ಎಂದು ತಿಳಿದು, ಅಹಿತಕರವಾದ ಸುದ್ದಿಯನ್ನು ಇನ್ನಷ್ಟು ಬಚ್ಚಿಡತೊಡಗಿದರು. ಇಬ್ಬರೂ ಒಬ್ಬರನ್ನೊಬ್ಬರು ಗೌರವಿಸಬೇಕೆಂದೇ ಹೀಗೆ ನಡೆದುಕೊಂಡದ್ದು. ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಸಮಸ್ಯೆ

ಸೋರಿಕೆ ಪರೀಕ್ಷೆಯ ಕ್ರಮ ಸರಳ. ಭಾಗದೊಳಗೆ ಒತ್ತಡದಲ್ಲಿ ಗಾಳಿ ತುಂಬಿ, ಬಾಯಿ ಮುಚ್ಚಿ, ಕೆಲವು ಸೆಕೆಂಡುಗಳಲ್ಲಿ ಒತ್ತಡ ಎಷ್ಟು ಇಳಿಯಿತೆಂದು ಯಂತ್ರ ಅಳೆಯುತ್ತದೆ. ಇಳಿತ ಮಿತಿಯೊಳಗಿದ್ದರೆ ಹಸಿರು ದೀಪ, ಮೀರಿದರೆ ಕೆಂಪು. ಆದರೆ ಭಾಗ ಬಿಸಿನೀರಿನ ತೊಳೆತದಿಂದ ಆಗಷ್ಟೇ ಹೊರಬಂದು ಬೆಚ್ಚಗಿದ್ದರೆ ಒಳಗಿನ ಗಾಳಿಯೂ ಬಿಸಿಯಾಗಿ ಒತ್ತಡ ಏರುತ್ತದೆ. ಆ ಏರಿಕೆ ಸಣ್ಣ ಸೋರಿಕೆಯನ್ನು ಮರೆಮಾಡಿ ಹಸಿರು ದೀಪ ಹತ್ತಿಸಿಬಿಡಬಹುದು. ಅದಕ್ಕೇ ತೊಳೆದ ಭಾಗಗಳು ಒಂದು ಸ್ಟ್ಯಾಂಡಿನಲ್ಲಿ ಆರಬೇಕು, ಆಮೇಲೆ ಪರೀಕ್ಷೆಗೆ ಹೋಗಬೇಕು. ಗಂಟೆಯ ಗುರಿ ಮುಟ್ಟದಿದ್ದಾಗ ಈ ಆರುವ ಹೊತ್ತನ್ನು ಕತ್ತರಿಸುವುದು ಎಲ್ಲರಿಗೂ ಸುಲಭವಾಗಿ ಕಂಡಿತ್ತು.

ಗ್ರಾಹಕರಿಂದ ಸೋರಿಕೆಯ ಮೊದಲ ದೂರು ಬಂದಾಗ ಸಲಹೆಗಾರರು ಕಾರಣವನ್ನು ಸರಿಯಾಗಿಯೇ ಊಹಿಸಿದರು. ‘ಭಾಗಗಳು ಪೂರ್ತಿ ಆರಿದ ಮೇಲೆಯೇ ಪರೀಕ್ಷೆ’ ಎಂಬ ಸೂಚನೆ ಕೆಳಗೆ ಹೋಯಿತು. ಮ್ಯಾನೇಜರ್ ಲೈನ್ ಲೀಡರನ್ನು ಕರೆದು ಹೇಳಿದರು. ಅವರು ‘ಆಯ್ತು ಸಾರ್’ ಎಂದರು. ಮ್ಯಾನೇಜರ್ ಮರುದಿನದ ಸಭೆಯಲ್ಲಿ ಇಂಗ್ಲಿಷಿನಲ್ಲಿ ‘ಡನ್’ ಎಂದರು. ದುಭಾಷಿ ಅದನ್ನು ಜಪಾನಿ ಭಾಷೆಯಲ್ಲಿ ‘ಒವಾರಿಮಾಶಿತಾ’, ಅಂದರೆ ‘ಮುಗಿಯಿತು’ ಎಂದರು. ಸಲಹೆಗಾರರು ಕೆಲಸಗಳ ಪಟ್ಟಿಯ ಹಾಳೆಯಲ್ಲಿ ಆ ಸೂಚನೆಯ ಸಾಲಿನ ಮುಂದೆ ಒಂದು ಸೊನ್ನೆ ಹಾಕಿದರು. ಜಪಾನಿನಲ್ಲಿ ಸೊನ್ನೆಯೆಂದರೆ ‘ಸರಿಯಾಗಿದೆ’. ನಮ್ಮ ಶಾಲೆಗಳಲ್ಲಿ ಮೇಷ್ಟ್ರು ಸುತ್ತು ಹಾಕುವುದು ತಪ್ಪಾದ ಕಡೆ. ಸರಿ ಇದ್ದಲ್ಲಿ ರೈಟ್ ಗುರುತು. ಲೈನ್ ಲೀಡರ್ ಆ ಹಾಳೆಯನ್ನು ಗೋಡೆಯ ಮೇಲೆ ನೋಡಿ, ತಮ್ಮ ಕೆಲಸದಲ್ಲಿ ಏನೋ ಲೋಪ ಗುರುತಿಸಿದ್ದಾರೆ, ಮುಂದೆ ಕರೆದು ಹೇಳುತ್ತಾರೆ ಎಂದುಕೊಂಡು ಸುಮ್ಮನಿದ್ದರು. ಆರುವ ಸ್ಟ್ಯಾಂಡಿನಲ್ಲಿ ಜಾಗ ಸಾಲದು, ಇನ್ನೊಂದು ಸ್ಟ್ಯಾಂಡ್ ಬೇಕು ಎಂದು ಹೇಳುವುದು ಅವರ ಮನಸ್ಸಿನಲ್ಲಿತ್ತು. ಯಾರೂ ಕರೆಯಲಿಲ್ಲ, ಅವರೂ ಹೇಳಲಿಲ್ಲ.

ಕೆಲವು ತಿಂಗಳ ನಂತರ ಎರಡನೆಯ ದೂರು ಬಂತು, ಮೊದಲಿನದಕ್ಕಿಂತ ದೊಡ್ಡದು. ಗ್ರಾಹಕರ ಗೋದಾಮಿನಲ್ಲಿ ರಾತ್ರಿಯೆಲ್ಲ ಕೂತು ಭಾಗಗಳನ್ನು ಒಂದೊಂದಾಗಿ ಮರುಪರೀಕ್ಷಿಸಬೇಕಾಯಿತು. ಸಲಹೆಗಾರರ ದೃಷ್ಟಿಯಲ್ಲಿ ಇದು ಬರೀ ದೋಷವಲ್ಲ, ಸುಳ್ಳು. ಮುಗಿಯಿತು ಎಂದು ಹೇಳಿದ ಕೆಲಸ ಶುರುವೇ ಆಗಿರಲಿಲ್ಲ. ಅವರು ಲೈನಿಗೆ ಬಂದು ತಮ್ಮಲ್ಲಿ ರೂಢಿಯಿರುವಂತೆ ‘ನಾಜೆ?’, ಅಂದರೆ ‘ಯಾಕೆ?’, ಎಂದು ಒಂದರ ಮೇಲೊಂದರಂತೆ ಕೇಳಿದರು. ಕಾರಣದ ಹಿಂದಿನ ಕಾರಣವನ್ನು ಐದು ಸಲ ಕೇಳಿ ಮೂಲಕ್ಕೆ ಇಳಿಯುವುದು ಜಪಾನಿನ ಕಾರ್ಖಾನೆಗಳ ಹೆಸರಾಂತ ವಿಧಾನ. ಅದು ಅನುವಾದವಾಗಿ ಆಪರೇಟರನ ಕಿವಿಗೆ ಬಿದ್ದಾಗ ‘ಯಾಕೆ ಹಾಕಿದೆ? ಯಾಕೆ ಕಾಯಲಿಲ್ಲ? ಯಾಕೆ ಹೇಳಲಿಲ್ಲ?’ ಎಂದಾಗಿತ್ತು. ಕನ್ನಡದಲ್ಲಿ ದೊಡ್ಡವರು ಚಿಕ್ಕವರನ್ನು ‘ಯಾಕೆ ಮಾಡಿದೆ?’ ಎಂದು ಕೇಳಿದರೆ ಅದು ಪ್ರಶ್ನೆಯಲ್ಲ, ಬೈಗುಳ. ಅದಕ್ಕೆ ತಲೆ ತಗ್ಗಿಸಿ ನಿಲ್ಲುವುದೇ ಉತ್ತರ. ಐದು ಸಲ ಕೇಳಿಸಿಕೊಂಡ ಆ ಹುಡುಗ ಐದು ಸಲವೂ ತಲೆ ತಗ್ಗಿಸಿದ. ಮರುದಿನ ಮಾನವ ಸಂಪನ್ಮೂಲ ವಿಭಾಗವು ಗುತ್ತಿಗೆದಾರರ ಮೂಲಕ ಅವನಿಗೆ ಕಾರಣ ಕೇಳಿ ನೋಟಿಸ್ ಕೊಡಿಸಿತು.

ಇದೇ ಹೊತ್ತಿಗೆ ಗುರುಗ್ರಾಮದ ಕೇಂದ್ರ ಕಚೇರಿಯಿಂದ ‘ಕೆಟ್ಟ ಸುದ್ದಿ ಮೊದಲು ಹೇಳಿ’ ಎಂಬ ಅರ್ಥದ ಭಿತ್ತಿಪತ್ರಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಂದವು. ನೋಟಿಸ್ ಪಡೆದ ಹುಡುಗನ ಯಂತ್ರದ ಪಕ್ಕದ ಕಂಬಕ್ಕೂ ಒಂದನ್ನು ಅಂಟಿಸಲಾಯಿತು.

ತಿರುವು

ಕಂಪನಿ ನನ್ನನ್ನು ಮತ್ತೆ ಕರೆದದ್ದು ಅದೇ ಎರಡು ದಿನದ ಕಾರ್ಯಾಗಾರವನ್ನು ಪುನಃ ನಡೆಸಲು. ತರಬೇತಿ ಕೊಡುವ ಮೊದಲು ಒಂದು ವಾರ ಲೈನಿನಲ್ಲಿ ನಿಲ್ಲಲು ಬಿಡಿ ಎಂದು ಕೇಳಿಕೊಂಡೆ. ಆ ಯೋಚನೆ ನನ್ನ ಜಾಣತನದಿಂದ ಬಂದದ್ದಲ್ಲ. ಮೊದಲಿನ ಪಾಠವನ್ನೇ ಮತ್ತೊಮ್ಮೆ ಹೇಳಲು ನನಗೆ ಬಾಯಿ ಬರಲಿಲ್ಲ.

ದುಭಾಷಿ ಶಿವಮೊಗ್ಗ ಕಡೆಯವರು, ಜಪಾನಿ ಭಾಷೆಯನ್ನು ಶ್ರದ್ಧೆಯಿಂದ ಕಲಿತವರು. ಸಭೆಗಳು ಇಂಗ್ಲಿಷಿನಲ್ಲೇ ನಡೆಯಬೇಕೆಂಬ ನಿಯಮವಿದ್ದದ್ದರಿಂದ ಅವರು ಎರಡು ವರ್ಷ ಆ ಕಾರ್ಖಾನೆಯಲ್ಲಿದ್ದರೂ ಕನ್ನಡದಿಂದ ಜಪಾನಿಗೆ ನೇರವಾಗಿ ಒಂದು ವಾಕ್ಯವನ್ನೂ ಅನುವಾದಿಸಿರಲಿಲ್ಲ. ಮೂರನೆಯ ದಿನ ನಾವಿಬ್ಬರೂ ಹಳೆಯ ಹಾಳೆಗಳನ್ನು ಇಟ್ಟುಕೊಂಡು ಲೈನ್ ಲೀಡರನ್ನು ಕೂರಿಸಿ ‘ಅವತ್ತು ಮ್ಯಾನೇಜರಿಗೆ ನೀವು ಏನಂದ್ರಿ?’ ಎಂದು ಕೇಳಿದೆವು. ‘ಆಯ್ತು ಸಾರ್ ಅಂದೆ’ ಎಂದರು. ದುಭಾಷಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಸಾರ್, ಇದು ನನ್ನ ಕಿವಿಗೆ ಬಿದ್ದಿದ್ರೆ ನಾನು ವಕಾರಿಮಾಶಿತಾ ಅಂತಿದ್ದೆ. ಡನ್ ಅಂತ ಬಂದಿದ್ದಕ್ಕೆ ಒವಾರಿಮಾಶಿತಾ ಅಂದೆ.’

ಇಡೀ ಪ್ರಕರಣದ ಬೀಗದ ಕೈ ಈ ಮಾತಿನಲ್ಲಿತ್ತು. ‘ಆಯ್ತು’ ರೂಪದಲ್ಲಿ ಭೂತಕಾಲ, ಆದರೆ ದೊಡ್ಡವರಿಗೆ ಉತ್ತರವಾಗಿ ಬಂದಾಗ ಅದರ ಅರ್ಥ ‘ನಿಮ್ಮ ಮಾತು ನನಗೆ ತಲುಪಿತು, ಒಪ್ಪಿದೆ’ ಎಂದಷ್ಟೇ. ಕೆಲಸ ಮುಗಿದಿದೆ ಎಂದಲ್ಲ. ಜಪಾನಿ ಭಾಷೆಯ ‘ವಕಾರಿಮಾಶಿತಾ’ ಕೂಡ ರೂಪದಲ್ಲಿ ಭೂತಕಾಲವೇ, ‘ಅರ್ಥವಾಯಿತು’ ಎಂಬ ಮಾತು, ಬಳಕೆಯಲ್ಲಿ ಮಾತ್ರ ಹೆಚ್ಚುಕಡಿಮೆ ನಮ್ಮ ‘ಆಯ್ತು’. ಎರಡೂ ಭಾಷೆಗಳು ಒಂದೇ ನಡೆಯಲ್ಲಿ ನಡೆಯುತ್ತಿದ್ದವು. ನಡುವೆ ನಿಂತ ಇಂಗ್ಲಿಷು ಅವುಗಳನ್ನು ಬೇರೆ ಮಾಡಿತು. ಮುಂದೆ ಹುಡುಕುತ್ತ ಹೋದಂತೆ ಇಂಥವು ಇನ್ನೂ ಸಿಕ್ಕವು. ಜಪಾನಿಗರ ‘ಕೆಂತೋ ಶಿಮಾಸು’ ಎಂದರೆ ‘ಪರಿಶೀಲಿಸುತ್ತೇವೆ’, ಹಲವು ಸಲ ಅದು ‘ಆಗುವುದಿಲ್ಲ’ ಎಂಬುದರ ಮೆತ್ತನೆಯ ರೂಪ. ಮದುವೆಗೆ ಕರೆದಾಗ, ಸಾಲ ಕೇಳಿದಾಗ ನಮ್ಮವರು ‘ನೋಡೋಣ’ ಎನ್ನುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ‘ಹೈ’ ಬಹಳ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ’ ಎಂದಷ್ಟೇ, ನಮ್ಮ ‘ಹ್ಞೂಂ’ಕಾರದ ಹಾಗೆ. ‘ಭಾರತೀಯರು ಇಲ್ಲ ಎನ್ನುವುದಿಲ್ಲ’ ಎಂದು ಅವರಿಗೂ ‘ಜಪಾನಿಗರು ಇಲ್ಲ ಎನ್ನುವುದಿಲ್ಲ’ ಎಂದು ಇವರಿಗೂ ಪಾಠ ಹೇಳಿದ ನಾವು, ಇಬ್ಬರದೂ ಒಂದೇ ಸ್ವಭಾವವಲ್ಲವೇ ಎಂದು ಕೇಳಿಕೊಂಡಿರಲಿಲ್ಲ.

ಅದೇ ವಾರ, ನೋಟಿಸ್ ಪಡೆದ ಆಪರೇಟರ್ ಎರಡನೇ ಪಾಳಿಯಲ್ಲಿ ನನಗೆ ಒಂದು ಭಾಗವನ್ನು ಕೈಗೆ ಕೊಟ್ಟು ಹೇಳಿದ: ‘ಬಿಸಿ ಇದ್ದಾಗ ಹಾಕಿದ್ರ ಹಸರ ಬರ್ತದ್ರೀ ಸರ್. ಆರಿದ ಮ್ಯಾಲ ಹಾಕ್ರಿ, ಅದ ಪೀಸ್ ಕೆಂಪ ತೋರಸ್ತದ.’ ಅವನು ಇದನ್ನು ಕಂಡುಕೊಂಡಿದ್ದು ಮೊದಲ ದೂರಿಗಿಂತಲೂ ಮೊದಲು. ಲೈನ್ ಲೀಡರಿಗೆ ಹೇಳಿದ್ದ. ಅವರು ‘ಆಯ್ತು’ ಎಂದಿದ್ದರು.

ಇಲ್ಲಿಗೆ ಭಾಷೆಯ ಗಂಟು ಬಿಚ್ಚಿತು, ಆದರೆ ಅದೊಂದೇ ಸಾಲದೆಂಬುದೂ ಗೊತ್ತಾಯಿತು. ಲೈನ್ ಲೀಡರ್ ಆ ಸುದ್ದಿಯನ್ನು ಮೇಲೆ ಒಯ್ದಿದ್ದರೆ ಗಂಟೆಯ ಲೆಕ್ಕ ತಪ್ಪಿದ್ದಕ್ಕೆ ಬೈಸಿಕೊಳ್ಳುವವರು ಅವರೇ. ಒಯ್ಯದಿದ್ದರೆ ಸಿಕ್ಕಿಬೀಳುವವನು ಆಪರೇಟರ್. ಕೆಟ್ಟ ಸುದ್ದಿಯ ಬೆಲೆಯನ್ನು ಅದನ್ನು ತಂದವನೇ ತೆರಬೇಕಾದ ಕಡೆ ಯಾವ ದೇಶದವನೂ ಸುದ್ದಿ ತರುವುದಿಲ್ಲ. ನಾನು ನಿರ್ದೇಶಕರ ಮುಂದೆ ಒಂದೇ ಷರತ್ತು ಇಟ್ಟೆ: ನೋಟಿಸ್ ಹಿಂದಕ್ಕೆ ಪಡೆಯಬೇಕು, ಅದನ್ನು ಲೈನಿನವರಿಗೆಲ್ಲ ತಿಳಿಯುವಂತೆ ಹೇಳಬೇಕು, ಇಲ್ಲದಿದ್ದರೆ ತರಬೇತಿ ಬೇಡ.

ಮಾನವ ಸಂಪನ್ಮೂಲ ಮುಖ್ಯಸ್ಥರು ಒಪ್ಪಲಿಲ್ಲ, ಅವರ ವಾದವೂ ಗಟ್ಟಿಯಾಗಿಯೇ ಇತ್ತು. ಒಮ್ಮೆ ಕೊಟ್ಟ ನೋಟಿಸನ್ನು ಹಿಂದಕ್ಕೆ ಪಡೆದರೆ ಶಿಸ್ತಿನ ಕ್ರಮಕ್ಕೆ ಬೆಲೆಯಿರುವುದಿಲ್ಲ. ಗ್ರಾಹಕರಿಗೆ ಕೊಡುವ ವರದಿಯಲ್ಲಿ ಏನು ಕ್ರಮ ಕೈಗೊಂಡಿರಿ ಎಂಬ ಪ್ರಶ್ನೆಗೂ ಉತ್ತರ ಬೇಕು. ಚರ್ಚೆಯನ್ನು ತಿರುಗಿಸಿದ್ದು ಸಲಹೆಗಾರರು. ಆ ಹುಡುಗ ಹೇಳಿದ್ದನ್ನು ದುಭಾಷಿ ಮೊದಲ ಸಲ ಕನ್ನಡದಿಂದ ನೇರವಾಗಿ ಅವರಿಗೆ ಹೇಳಿದಾಗ ಅವರು ಎದ್ದು, ಏನೂ ಮಾತಾಡದೆ ಲೈನಿಗೆ ಹೋಗಿ, ಒಂದೇ ಭಾಗವನ್ನು ಬೆಚ್ಚಗಿರುವಾಗ ಒಮ್ಮೆ, ಆರಿದ ಮೇಲೆ ಒಮ್ಮೆ ಯಂತ್ರಕ್ಕೆ ಹಾಕಿ ನೋಡಿದರು. ಮೊದಲು ಹಸಿರು, ಆಮೇಲೆ ಕೆಂಪು. ಹಿಂದಿರುಗಿ ಬಂದು, ಇವನಿಗೆ ನೋಟಿಸ್ ಕೊಡಬೇಕಾದರೆ ಅದಕ್ಕೂ ಮೊದಲು ತನಗೆ ಕೊಡಬೇಕು, ಏಕೆಂದರೆ ಸೊನ್ನೆ ಹಾಕಿದವನು ತಾನು ಎಂದರು. ನೋಟಿಸ್ ರದ್ದಾಯಿತು.

ಎರಡನೆಯ ಪ್ರಯತ್ನ

ಹೋಟೆಲಿನ ಕಾರ್ಯಾಗಾರವನ್ನು ಕೈಬಿಟ್ಟೆವು. ಅದರ ಬದಲು ಪಾಳಿ ಬದಲಾಗುವ ಹೊತ್ತಿನಲ್ಲಿ, ಎರಡೂ ಪಾಳಿಯವರು ಇರುವಾಗ, ಸೋರಿಕೆ ಪರೀಕ್ಷೆಯ ಯಂತ್ರದ ಪಕ್ಕದಲ್ಲೇ ವಾರಕ್ಕೊಮ್ಮೆ ಅರ್ಧ ಗಂಟೆ ಕೂರುವುದೆಂದಾಯಿತು. ಸಲಹೆಗಾರ, ಮ್ಯಾನೇಜರ್, ಲೈನ್ ಲೀಡರ್, ಆಪರೇಟರ್ ಎಲ್ಲರೂ ಒಟ್ಟಿಗೇ. ಭಾಷೆ ಕನ್ನಡ ಮತ್ತು ಜಪಾನಿ, ನಡುವೆ ದುಭಾಷಿ. ಇಂಗ್ಲಿಷನ್ನು ಯಂತ್ರದ ಭಾಗಗಳ ಹೆಸರಿಗೆ ಮಾತ್ರ ಉಳಿಸಿಕೊಂಡೆವು. ಆ ವಾರ ನಿಜವಾಗಿ ನಡೆದ ಒಂದು ಘಟನೆಯನ್ನು ಎತ್ತಿಕೊಂಡು, ಯಾರು ಏನಂದರು, ಕೇಳಿದವರು ಏನೆಂದು ತಿಳಿದರು ಎಂಬುದನ್ನಷ್ಟೇ ಬಿಡಿಸುತ್ತಿದ್ದೆವು. ದೇಶ, ಸಂಸ್ಕೃತಿ ಎಂಬ ಪದಗಳು ಅಲ್ಲಿ ಬರಲೇ ಇಲ್ಲ.

ಇದರಿಂದ ಹುಟ್ಟಿದ್ದು ಒಂದು ಪುಟದ ಪದಪಟ್ಟಿ. ಅದರಲ್ಲಿ ಮೊದಲ ಬದಲಾವಣೆ ‘ಯಾಕೆ’ಯದು. ಸಲಹೆಗಾರರು ‘ನಾಜೆ’ ಎನ್ನುವುದನ್ನು ಬಿಡಬೇಕಿರಲಿಲ್ಲ. ದುಭಾಷಿ ಅದನ್ನು ‘ಏನಾಯ್ತು?’ ಎಂದೂ ‘ಅದಕ್ಕೂ ಮೊದಲು ಏನಾಗಿತ್ತು?’ ಎಂದೂ ಕನ್ನಡಿಸತೊಡಗಿದರು. ‘ಯಾಕೆ ಮಾಡಿದೆ’ ಎಂಬಲ್ಲಿ ಮಾಡಿದವನಿದ್ದಾನೆ. ‘ಏನಾಯ್ತು’ ಎಂಬಲ್ಲಿ ಆದದ್ದು ಮಾತ್ರ ಇದೆ. ಅದೇ ಹುಡುಗರು ಎರಡನೇ ರೂಪಕ್ಕೆ ತಲೆ ಎತ್ತಿ ಉತ್ತರ ಹೇಳಿದರು. ಸಲಹೆಗಾರರೂ ‘ಏನಾಯ್ತು’, ‘ತೋರ್ಸಿ’ ಎಂಬೆರಡು ಪದಗಳನ್ನು ಕಲಿತರು. ‘ಆಯ್ತು’ ಬಳಿಕ ‘ಯಾವಾಗ ಮುಗಿಯುತ್ತೆ, ಏನು ಬೇಕು?’ ಎಂದು ಕೇಳುವುದು ಕಡ್ಡಾಯವಾಯಿತು. ಆ ಪ್ರಶ್ನೆ ಕೇಳಿದ ಮೊದಲ ದಿನವೇ ಲೈನ್ ಲೀಡರ್ ಎರಡನೆಯ ಸ್ಟ್ಯಾಂಡಿನ ಮಾತೆತ್ತಿದರು, ಅದು ಎರಡು ವಾರದಲ್ಲಿ ಬಂತು. ಹಾಳೆಗಳಲ್ಲಿ ಸೊನ್ನೆಯನ್ನೂ ರೈಟ್ ಗುರುತನ್ನೂ ತೆಗೆದು ‘ಮುಗಿದಿದೆ, ನಡೆಯುತ್ತಿದೆ, ತೊಂದರೆ ಇದೆ’ ಎಂದು ಬರೆಯತೊಡಗಿದೆವು.

ಅಡ್ಡಿಗಳಲ್ಲಿ ಎರಡನ್ನು ಹೇಳಲೇಬೇಕು. ಗುತ್ತಿಗೆಯವರನ್ನು ಕಂಪನಿಯ ತರಬೇತಿಯಲ್ಲಿ ಕೂರಿಸುವುದಕ್ಕೆ ಮಾನವ ಸಂಪನ್ಮೂಲದವರು ಹಿಂಜರಿದರು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ವ್ಯಾಜ್ಯಗಳಲ್ಲಿ, ಕಾರ್ಮಿಕರ ಮೇಲ್ವಿಚಾರಣೆ ಮತ್ತು ನಿಯಂತ್ರಣ ಯಾರ ಕೈಯಲ್ಲಿತ್ತು ಎಂಬುದು ಮುಖ್ಯ ಪ್ರಶ್ನೆ. ಕಂಪನಿಯೇ ನೇರವಾಗಿ ತರಬೇತಿ ಕೊಟ್ಟರೆ ನಾಳೆ ಇವರು ಕಂಪನಿಯದೇ ನೌಕರರು ಎಂಬ ವಾದಕ್ಕೆ ಅದು ಆಧಾರವಾಗಬಹುದೆಂಬ ಭಯ. ದೋಷವನ್ನು ಮೊದಲು ಕಾಣುವವರನ್ನೇ ಮಾತುಕತೆಯಿಂದ ಹೊರಗಿಡುವ ಈ ಭಯ ನಮ್ಮ ಕೈಗಾರಿಕೆಯಲ್ಲಿ ಎಷ್ಟು ಕಡೆ ಕೆಲಸ ಮಾಡುತ್ತಿದೆಯೋ ಎಂದು ನನಗೆ ಸಂಕಟವಾಗುತ್ತದೆ. ಕೊನೆಗೆ ಗುತ್ತಿಗೆದಾರರ ಮೇಲ್ವಿಚಾರಕರನ್ನೂ ಕೂರಿಸಿಕೊಂಡು, ಗುಣಮಟ್ಟ ಸೂಚನೆಯ ಸಭೆ ಎಂಬ ಹೆಸರಿನಲ್ಲಿ ಅದು ನಡೆಯಿತು.

ಎರಡನೆಯದು ಲೈನ್ ಲೀಡರ್ ಅವರ ನೋವು. ನಾಲ್ಕನೇ ವಾರ ಅವರು ಸಭೆಗೆ ಬರಲಿಲ್ಲ. ಕ್ಯಾಂಟೀನಿನಲ್ಲಿ ಸಿಕ್ಕಾಗ ಹೇಳಿದರು: ‘ನನ್ನ ಎದುರಿಗೇ ಹುಡುಗ್ರು ದೊಡ್ಡೋರ ಹತ್ರ ನೇರ ಮಾತಾಡಿದ್ರೆ ನಾಳೆ ಲೈನಲ್ಲಿ ನನ್ನ ಮಾತು ಯಾರು ಕೇಳ್ತಾರೆ ಸಾರ್? ನಂಗೂ ಮನೇಲಿ ಮಕ್ಕಳಿದಾವೆ, ನಾನೂ ಸಾಹೇಬ್ರಿಂದ ಬೈಸ್ಕೊಂಡೇ ಬಂದೋನು.’ ಶ್ರೇಣಿಯನ್ನು ಒಡೆಯುವುದೇ ಮದ್ದು ಎಂದು ನಾನು ಅಷ್ಟರಲ್ಲಿ ನಂಬತೊಡಗಿದ್ದೆ. ಅವರ ಮಾತು ಅದನ್ನು ತಿದ್ದಿತು. ಆಪರೇಟರ್ ಕಂಡದ್ದನ್ನು ಸಭೆಯಲ್ಲಿ ಮೊದಲು ಲೈನ್ ಲೀಡರ್ ಹೇಳುವುದು, ಆಪರೇಟರ್ ಅದನ್ನು ಯಂತ್ರದ ಮೇಲೆ ತೋರಿಸುವುದು ಎಂದು ಕ್ರಮ ಬದಲಿಸಿದೆವು. ಸುದ್ದಿ ಮೇಲೆ ಒಯ್ದ ಗೌರವ ಅವರಿಗೆ, ಕಂಡುಹಿಡಿದ ಗೌರವ ಹುಡುಗನಿಗೆ. ಮುಂದಿನ ವಾರ ಅವರು ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು.

ಏನಾಯಿತು

ಲೈನಿನಲ್ಲಿ ತೊಂದರೆ ಕಂಡಾಗ ಎಳೆದು ಎಚ್ಚರಿಕೆಯ ದೀಪ ಹತ್ತಿಸುವ ಹಗ್ಗ, ಆಂದೋನ್, ಮೊದಲಿನಿಂದಲೂ ಇತ್ತು; ತಿಂಗಳುಗಟ್ಟಲೆ ಅದನ್ನು ಯಾರೂ ಎಳೆದಿರಲಿಲ್ಲ. ಎರಡನೆಯ ಪ್ರಯತ್ನ ಶುರುವಾದ ಮೇಲೆ ದಿನವೂ ದೀಪ ಹತ್ತತೊಡಗಿತು. ಮಾತೃಸಂಸ್ಥೆಗೆ ಹೋಗುವ ತಿಂಗಳ ವರದಿಯಲ್ಲಿ ಲೈನ್ ನಿಂತ ನಿಮಿಷಗಳು ಏರಿದ್ದು ಕಂಡು, ಅಲ್ಲಿಂದ ಪರಿಸ್ಥಿತಿ ಹದಗೆಟ್ಟಿದೆಯೇ ಎಂಬ ವಿಚಾರಣೆ ಬಂತು. ಈ ಪ್ರಕರಣದ ಅತಿ ಅಪಾಯದ ಗಳಿಗೆ ಇದೇ ಎಂದು ನನ್ನ ಅಭಿಪ್ರಾಯ. ಅಂದು ಒತ್ತಡಕ್ಕೆ ಮಣಿದು ‘ಕಡಿಮೆ ಎಳೆಯಿರಿ’ ಎಂಬ ಒಂದು ಮಾತು ಕೆಳಗೆ ಬಂದಿದ್ದರೆ ಎಲ್ಲವೂ ಹಳೆಯ ಮೌನಕ್ಕೆ ಮರಳುತ್ತಿತ್ತು. ಸಲಹೆಗಾರರು ಪ್ರತಿ ನಿಲುಗಡೆಯ ಕಾರಣವನ್ನೂ ಸಾಲುಸಾಲಾಗಿ ಬರೆದು ಕಳಿಸಿ, ಮೂರು ತಿಂಗಳ ಕಾಲಾವಕಾಶ ಕೇಳಿದರು. ಆ ಅವಧಿಯ ಕೊನೆಗೆ ನಿಲುಗಡೆ ಇಳಿಯಿತು. ನಾನು ಅಲ್ಲಿಗೆ ಹೋಗಿಬರುತ್ತಿದ್ದ ಉಳಿದ ಅವಧಿಯಲ್ಲಿ ಸೋರಿಕೆಯ ದೂರು ಮತ್ತೆ ಬರಲಿಲ್ಲ.

ಎಲ್ಲ ಕಡೆ ಹೀಗಾಗಲಿಲ್ಲ. ಪಕ್ಕದ ಲೈನಿಗೂ ಇದೇ ಪದಪಟ್ಟಿಯನ್ನು ಮುದ್ರಿಸಿ ಕೊಟ್ಟರು, ಆದರೆ ಅಲ್ಲಿ ಯಾರೂ ಕೂತು ಮಾತಾಡಲಿಲ್ಲ. ಪಟ್ಟಿ ಗೋಡೆಯ ಮೇಲೆ ಹಿಂದಿ ಭಿತ್ತಿಪತ್ರದ ಪಕ್ಕ ಇನ್ನೊಂದು ಕಾಗದವಾಗಿ ಉಳಿಯಿತು. ಪದಪಟ್ಟಿಯ ಬೆಲೆ ಅದರಲ್ಲಿದ್ದ ಪದಗಳಲ್ಲಿ ಇರಲಿಲ್ಲ, ಅವು ಬಂದ ಜಗಳಗಳಲ್ಲಿತ್ತು ಎಂಬುದು ನನಗೆ ಆ ಲೈನಿನಿಂದ ಗೊತ್ತಾಯಿತು.

ಈ ಪ್ರಕರಣದಿಂದ ಏನು ತೆಗೆದುಕೊಳ್ಳಬಹುದು

ಬಹುರಾಷ್ಟ್ರೀಯ ಕಂಪನಿಗಳ ಸೋಲನ್ನು ಸಂಸ್ಕೃತಿಯ ತಲೆಗೆ ಕಟ್ಟುವುದು ಸುಲಭ. 1997ರಲ್ಲಿ ಜರ್ಮನಿಗೆ ಹೋಗಿ 2006ರಲ್ಲಿ ಹೊರಬಂದ ವಾಲ್‌ಮಾರ್ಟ್ ಕಥೆಯನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ: ಅಂಗಡಿಯ ನೌಕರರು ಗ್ರಾಹಕರನ್ನು ಕಂಡು ನಗಬೇಕೆಂಬ ನಿಯಮ ಜರ್ಮನರಿಗೆ ಹಿಡಿಸಲಿಲ್ಲ ಎಂದು. ಅಲ್ಲಿ ಆಗಲೇ ಬೇರೂರಿದ್ದ ಆಲ್ಡಿಯಂಥ ಅಗ್ಗದ ಅಂಗಡಿಗಳ ಪೈಪೋಟಿಯನ್ನು ಹೇಳದೆ ನಗುವಿನ ಕಥೆ ಮಾತ್ರ ಹೇಳಿದರೆ ಕೇಳುವವರು ತಪ್ಪು ಪಾಠ ಕಲಿಯುತ್ತಾರೆ. ಈ ಕಾರ್ಖಾನೆಯಲ್ಲೂ ಸ್ಟ್ಯಾಂಡಿನ ಕೊರತೆ, ಗಂಟೆಯ ಗುರಿ, ಗುತ್ತಿಗೆಯ ಭಯ ಇವನ್ನು ಬಿಟ್ಟು ಬರೀ ‘ಆಯ್ತು’ ಕಥೆ ಹೇಳಿದರೆ ಅದೂ ಅರ್ಧಸತ್ಯವೇ.

ಆದ್ದರಿಂದ ಈಗ ಯಾರಾದರೂ ತರಬೇತಿಗೆ ಕರೆದರೆ ನಾನು ಮೊದಲು ಕೇಳುವುದು ಎರಡು ವಿಷಯ. ಕಳೆದ ಆರು ತಿಂಗಳಲ್ಲಿ ಕೆಟ್ಟ ಸುದ್ದಿ ತಂದವನಿಗೆ ಏನಾಯಿತು ಎಂಬುದು ಒಂದು. ಲೈನಿನಲ್ಲಿ ಆಡಿದ ಮಾತು ಮೇಲಿನವರನ್ನು ತಲುಪುವ ಮೊದಲು ಎಷ್ಟು ಭಾಷೆ, ಎಷ್ಟು ಬಾಯಿ ದಾಟುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ‘ನೋಟಿಸ್’ ಎಂದಿದ್ದರೆ ಅದನ್ನು ಸರಿಪಡಿಸುವವರೆಗೆ ತರಬೇತಿಗೆ ಖರ್ಚು ಮಾಡಬೇಡಿ ಎಂದು ಹೇಳುತ್ತೇನೆ. ದುಭಾಷಿಯನ್ನು ಕೋಣೆಯೊಳಗಿನಿಂದ ಲೈನಿಗೆ ಕಳಿಸುವುದು ನಾನು ಕೊಡುವ ಯಾವ ಪಾಠಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಆ ದುಭಾಷಿ ಇಲ್ಲದಿದ್ದರೆ ನಾನು ಇನ್ನೂ ಕಂಬದ ಚಿತ್ರಗಳನ್ನೇ ತೋರಿಸುತ್ತಿದ್ದೆ.

ಒಂದು ಕೊರತೆಯನ್ನು ತುಂಬಲು ನಮ್ಮಿಂದ ಆಗಲಿಲ್ಲ. ಏಪ್ರಿಲ್‌ನಲ್ಲಿ, ಜಪಾನಿನ ಕಂಪನಿಗಳಲ್ಲಿ ವರ್ಗಾವಣೆಯ ಕಾಲ, ಸಲಹೆಗಾರರ ಅವಧಿ ಮುಗಿದು ಅವರು ಸ್ವದೇಶಕ್ಕೆ ಹೊರಟರು. ಅದೇ ಬೇಸಿಗೆಯಲ್ಲಿ ಆ ಆಪರೇಟರನ ಗುತ್ತಿಗೆಯೂ ಮುಗಿಯಿತು. ಅವನನ್ನು ಉಳಿಸಿಕೊಳ್ಳಿ ಎಂದು ಲೈನ್ ಲೀಡರ್ ಬರೆದುಕೊಟ್ಟರು, ನಾನೂ ಕೇಳಿದೆ. ನೇಮಕಾತಿಯ ಸಂಖ್ಯೆ ಬೇರೆ ಕಡೆ ತೀರ್ಮಾನವಾಗುತ್ತಿತ್ತು. ಅವನು ಊರಿಗೆ ಹೋಗಿ, ಜಾತ್ರೆ ಮುಗಿಸಿಕೊಂಡು, ಇನ್ನೊಂದು ಕಾರ್ಖಾನೆಗೆ ಸೇರಿದ. ಹೊಸ ಸಲಹೆಗಾರರು ಬಂದ ಮೊದಲ ವಾರ ಪದಪಟ್ಟಿಯ ಪರಿಷ್ಕೃತ ಪ್ರತಿಯನ್ನು ಅವರಿಗೆ ಓದಿ ಹೇಳಿದವರು ಲೈನ್ ಲೀಡರ್ ಮತ್ತು ದುಭಾಷಿ. ಅದರಲ್ಲಿ ‘ಆಯ್ತು’ ಸಾಲಿನ ಕೆಳಗೆ ಲೈನ್ ಲೀಡರ್ ತಾವೇ ಒಂದು ಪದ ಸೇರಿಸಿದ್ದರು, ತಮ್ಮ ಕಡೆಯದಲ್ಲ, ಆ ಹುಡುಗನ ಕಡೆಯದು: ‘ಆತ್ರೀ ಸರ್’. ಅರ್ಥದ ಜಾಗದಲ್ಲಿ ‘ಇನ್ನೊಮ್ಮೆ ಕೇಳಿ, ಹೇಳಲು ಏನೋ ಇದೆ’ ಎಂದು ಬರೆದಿದ್ದರು.